ತಳದ ಫೋಟೋ ಮಾತ್ರ ಕಳಿಸುವವರಿಗೆ

ಹಳೆಯ ಪಿಂಗಾಣಿ ನೋಡಿ ಹೇಳುವ ನನ್ನ ವಾಟ್ಸ್ಆ್ಯಪ್‌ಗೆ ಬರುವ ಬೊಂಬೆಗಳಿಗೆ ಮುಖವೇ ಇರುವುದಿಲ್ಲ. ಬರೀ ತಳ, ಅಲ್ಲಿ ನೀಲಿ ಬಣ್ಣದ ಎರಡು ಅಡ್ಡಗತ್ತಿ, ಜೊತೆಗೊಂದು ಸಾಲು: 'ಸರ್, ಮೈಸನ್ ತಾನೆ? ಎಷ್ಟಾಗುತ್ತೆ?'

ಕತ್ತಿ ಬರೆಯಲು ಎರಡು ಗೀಟು ಸಾಕು, ಸ್ವಾಮಿ. ಜರ್ಮನಿಯ ಮೈಸನ್ ಪಿಂಗಾಣಿ ಕಾರ್ಖಾನೆ ಶುರುವಾದದ್ದು 1710ರಲ್ಲಿ, ಕತ್ತಿಯ ಗುರುತು ಬಂದದ್ದು 1720ರ ದಶಕದಲ್ಲಿ. ಅದಕ್ಕೆ ಬೆಲೆ ಬಂದಂತೆ ನಕಲೂ ಬಂತು. 19ನೇ ಶತಮಾನದಲ್ಲಿ ಪ್ಯಾರಿಸಿನ ಸ್ಯಾಮ್ಸನ್ ಸಂಸ್ಥೆಗೆ ಹಳೆಯ ಪಿಂಗಾಣಿಯ ಪ್ರತಿ ಮಾಡುವುದೇ ಕಸುಬು. ಡ್ರೆಸ್ಡೆನ್ನಿನಲ್ಲಿ ಪಿಂಗಾಣಿಗೆ ಚಿತ್ರ ಬರೆಸಿ ಮಾರುತ್ತಿದ್ದ ಹೆಲೆನಾ ವುಲ್ಫ್‌ಸೋನ್ ಅವರಂತೂ ಮೈಸನ್ ಕಾರ್ಖಾನೆ ಕಟ್ಟಿಸಿದ ಅಗಸ್ಟಸ್ ದೊರೆಯ 'ಎಆರ್' ಮುದ್ರೆಯನ್ನೇ ಬಳಸುತ್ತಿದ್ದರು. ಅದನ್ನು ಬಿಡಿಸಲು ಮೈಸನ್‌ನವರು ಕೋರ್ಟಿಗೆ ಹೋಗಬೇಕಾಯಿತು. ಈಗ ಆ ನಕಲುಗಳಿಗೇ ನೂರು ವರ್ಷ ದಾಟಿದೆ. 'ನಮ್ಮ ಮುತ್ತಜ್ಜಿ ಕಾಲದ್ದು' ಅನ್ನುತ್ತೀರಿ, ನಂಬುತ್ತೇನೆ. ನಕಲೂ ಮುತ್ತಜ್ಜಿ ಕಾಲದ್ದೇ.

'ಗುರುತು ಗ್ಲೇಜಿನ ಕೆಳಗಿದೆ, ಉಗುರಿಗೆ ತಾಗಲ್ಲ' ಅನ್ನುವವರಿದ್ದಾರೆ. ಗ್ಲೇಜ್ ಅಂದರೆ ಮೇಲಿನ ಗಾಜಿನಂಥ ಹೊಳಪು ಪದರ. ನಕಲಿನವರ ಹತ್ತಿರವೂ ನೀಲಿ ಬಣ್ಣ ಕೊಡುವ ಕೋಬಾಲ್ಟ್ ಇತ್ತು, ಸುಡುವ ಗೂಡೂ ಇತ್ತು. ಫ್ರಾನ್ಸಿನ ಸೇವ್ರ್ ಪಿಂಗಾಣಿ ಕಾರ್ಖಾನೆಯ ಕಥೆ ಇನ್ನೂ ತಮಾಷೆ. 1800ರ ನಂತರ ಅಲ್ಲಿನ ನಿರ್ದೇಶಕ ಬ್ರಾಂನ್ಯಾರ್ ಬಣ್ಣ ಹಾಕದ ಹಳೆಯ ಬಿಳಿ ಮಾಲನ್ನೆಲ್ಲ ಮಾರಿಬಿಟ್ಟ. ಕೊಂಡವರು ಹೊರಗಿನವರಿಂದ ಚಿತ್ರ ಬರೆಸಿ, ಸೇವ್ರ್‌ನ ಹೆಣೆದ ಎರಡು ಎಲ್ ಅಕ್ಷರದ ಗುರುತನ್ನೂ ಹಾಕಿಸಿದರು. ತಟ್ಟೆ ಅಸಲಿ, ಚಿತ್ರ ನಕಲಿ. ಅದಕ್ಕೆ ಏನು ಬೆಲೆ ಕಟ್ಟಲಿ?

ಹಾಗಾಗಿ ಬೊಂಬೆಯ ಮುಖ ತೋರಿಸಿ, ಬೆರಳು ತೋರಿಸಿ, ಅಂಟಿಸಿದ ಜಾಗ ಮುಚ್ಚಿಡಬೇಡಿ. ಆಮೇಲೂ ಕೈಯಲ್ಲಿ ಹಿಡಿದು ನೋಡದೆ ನಾನು ಖಚಿತವಾಗಿ ಹೇಳುವುದಿಲ್ಲ.

ಸಕಲೇಶಪುರದ ಕಡೆಯ ಎಸ್ಟೇಟಿನಿಂದ ವಯಸ್ಸಾದ ಅಮ್ಮ ಒಬ್ಬರು ಕುರಿ ಕಾಯುವ ಹುಡುಗಿಯ ಬೊಂಬೆಯನ್ನು ಹಳೇ ಸೀರೆಯಲ್ಲಿ ಸುತ್ತಿ ತಂದಿದ್ದರು. ಕತ್ತಿಗಳ ಮೇಲೆ ಅಡ್ಡಲಾಗಿ ಗೀರು. 'ಅದೊಂದು ಹಾಳಾಗಿದೆ' ಎಂದು ಸಂಕೋಚಪಟ್ಟರು. ನಾನು ಮೊದಲು ನೋಡಿದ್ದು ಬೆರಳುಗಳನ್ನು: ಒಂದೊಂದೂ ಬಿಡಿಬಿಡಿ, ಉಗುರಿನ ಸಮೇತ. ಆಮೇಲೆ ಗೀರು. ಕೊರತೆಯಿದ್ದ ಮಾಲನ್ನೋ ಬಣ್ಣವಿಲ್ಲದೆ ಮಾರುವ ಮಾಲನ್ನೋ ಹೊರಗೆ ಬಿಡುವಾಗ ಮೈಸನ್‌ನವರೇ ಗುರುತಿನ ಮೇಲೆ ಹಾಗೆ ಕೊರೆಯುತ್ತಿದ್ದರು. ಗೀರನ್ನೂ ನಕಲು ಮಾಡಬಹುದು, ಆದರೆ ಆ ಬೆರಳುಗಳ ಕುಸುರಿಯನ್ನು ಕಂಡ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಸೆಕೆಂಡ್ಸ್ ಮಾಲಿರಬಹುದು, ಆದರೆ ಮೈಸನ್ನೇ ಎಂದೆ. ಅಮ್ಮ ಬೆಲೆ ಕೇಳಲಿಲ್ಲ. 'ಅಯ್ಯೋ, ಬೂದಿ ಹಾಕಿ ಉಜ್ಜಿ ಗೀರಿದ್ದೀಯ ಅಂತ ಕೆಲಸದ ಹುಡುಗಿಗೆ ಬೈದಿದ್ದೆನಲ್ಲ, ನಲವತ್ತು ವರ್ಷ ಆಯ್ತು' ಎಂದು ಸುಮ್ಮನೆ ಕೂತುಬಿಟ್ಟರು.