ಗೋಕರ್ಣದ ಕಡೆ ಏನು ನೋಡಬೇಕು, ಮಕ್ಕಳನ್ನು ನೀರಿಗೆ ಎಲ್ಲಿ ಇಳಿಸಬೇಕು?

ಪ್ರಶ್ನೆ: “ಸರ್, ಹುಬ್ಬಳ್ಳಿಯಿಂದ ಎರಡು ದಿನಕ್ಕ ಗೋಕರ್ಣ ಕಡೆ ಹೊಂಟೀವಿ. ಸಣ್ಣ ಹುಡುಗ್ರೂ ಅದಾರ, ವಯಸ್ಸಾದವ್ರೂ ಅದಾರ. ನೋಡೂವಂಥಾ ಜಾಗ ಯಾವ್ಯಾವು? ಹುಡುಗ್ರನ್ನ ನೀರಿಗೆ ಎಲ್ಲಿ ಇಳಿಸಬಹುದು?”

ಉತ್ತರ: ದಸರಾ ರಜೆಗೆ ಮುಂಚೆ, ಡಿಸೆಂಬರಿನ ಶಾಲಾ ಪ್ರವಾಸದ ಹೊತ್ತಿಗೆ, ಮತ್ತೆ ಬೇಸಿಗೆ ರಜೆಗೆ ಇದೇ ಪ್ರಶ್ನೆ ಬರುತ್ತದೆ. ಹಿಂದೆಯೂ ಬರೆದಿದ್ದೇನೆ. ಆದರೂ ಮತ್ತೆ ಬರೆಯುತ್ತಿದ್ದೇನೆ, ಏಕೆಂದರೆ ಯಾವ ಜಾಗ ನೋಡಬೇಕು ಅನ್ನುವುದು ಎಲ್ಲರಿಗೂ ನೆನಪಿರುತ್ತದೆ, ನೀರಿನ ಬಗ್ಗೆ ಹೇಳಿದ್ದು ಮಾತ್ರ ಅಂಕೋಲಾ ತಲುಪುವಷ್ಟರಲ್ಲಿ ಮರೆತು ಹೋಗಿರುತ್ತದೆ.

ಮೊದಲು ದಾರಿ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅಲ್ಲಿ ಎಡಕ್ಕೆ ಹೊರಳಿದರೆ ಗೋಕರ್ಣ, ಕುಮಟಾ, ಹೊನ್ನಾವರ, ಮುರುಡೇಶ್ವರ ಸಾಲಾಗಿ ಸಿಗುತ್ತವೆ. ಬಲಕ್ಕೆ ಕಾರವಾರ. ಎರಡು ದಿನದಲ್ಲಿ ಎಡ, ಬಲ ಎರಡೂ ಬೇಡ. ಮಾಡಲು ಹೋದರೆ ಅರ್ಧ ಪ್ರವಾಸ ಗಾಡಿಯಲ್ಲೇ ಮುಗಿಯುತ್ತದೆ, ವಯಸ್ಸಾದವರಿಗೆ ಸೊಂಟ ಹಿಡಿಯುತ್ತದೆ. ಈ ಸಲ ಎಡಕ್ಕೆ ಹೋಗಿ, ಕಾರವಾರ ಇನ್ನೊಂದು ಸಲಕ್ಕಿರಲಿ. ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ಸುಮಾರು 150 ಕಿ.ಮೀ., ಯಲ್ಲಾಪುರದಲ್ಲಿ ಚಹಾ ಕುಡಿದು ಹೊರಟರೂ ನಾಲ್ಕು ತಾಸು ಸಾಕು. ಹಾವೇರಿಯವರು ಹಾನಗಲ್, ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವುದು ವಾಡಿಕೆ. ಆದರೆ ಆ ಘಟ್ಟದಲ್ಲಿ ರಸ್ತೆ ಕೆಲಸಕ್ಕೆ ಆಗಾಗ ವಾಹನ ನಿಲ್ಲಿಸುತ್ತಾರೆ, ಹೊರಡುವ ಮುಂಚೆ ಶಿರಸಿಯಲ್ಲಿ ಯಾರನ್ನಾದರೂ ವಿಚಾರಿಸಿಕೊಳ್ಳಿ.

ಮೊದಲ ದಿನ ಪೂರ್ತಿ ಗೋಕರ್ಣಕ್ಕೆ ಕೊಡಿ. ಮಹಾಬಲೇಶ್ವರನ ದರ್ಶನ ಬೆಳಿಗ್ಗೆಯೇ ಮುಗಿಸಿ. ಗಂಡಸರು ಅಂಗಿ ಬಿಚ್ಚಿ ಪಂಚೆ ಉಟ್ಟು ಹೋಗಬೇಕು, ಪಂಚೆ ಮನೆಯಿಂದಲೇ ಒಯ್ಯಿರಿ. ಪಕ್ಕದ ಮಹಾಗಣಪತಿಗೆ ಮೊದಲು ಕೈಮುಗಿಯುವುದು ಅಲ್ಲಿನ ಪದ್ಧತಿ, ರಾವಣನ ಕೈಯಿಂದ ಆತ್ಮಲಿಂಗ ಇಳಿಸಿದವನು ಅವನೇ ಅಲ್ವಾ. ಆಮೇಲೆ ರಥಬೀದಿ, ಕೋಟಿತೀರ್ಥ. ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಓಂ ಬೀಚ್. ಅದರ ಓಂ ಆಕಾರ ಮೇಲಿನ ಗುಡ್ಡದಿಂದಲೇ ಚೆನ್ನಾಗಿ ಕಾಣುತ್ತದೆ. ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಗುಡ್ಡದ ಮೇಲೆ ಕಾಲುದಾರಿ ಇದೆ, ನಡೆಯಲು ಆಗುವವರು ಅದನ್ನು ಬಿಡಬೇಡಿ. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಇನ್ನೂ ದೂರ ನಡೆಯಬೇಕು, ಇಲ್ಲವೇ ದೋಣಿ ಹಿಡಿಯಬೇಕು. ವಯಸ್ಸಾದವರು ಜೊತೆಗಿದ್ದರೆ ಅವು ಬೇಡ.

ಎರಡನೇ ದಿನ ಮಿರ್ಜಾನ್ ಕೋಟೆ, ಹೊನ್ನಾವರ, ಮುರುಡೇಶ್ವರ. ಮಿರ್ಜಾನ್ ಕೋಟೆ ಹೆದ್ದಾರಿಯಿಂದ ಸ್ವಲ್ಪವೇ ಒಳಗಿದೆ. ಪೂರ್ತಿ ಕೆಂಪು ಜಂಬಿಟ್ಟಿಗೆ ಕಲ್ಲು, ಸುತ್ತ ಕಂದಕ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಇಲ್ಲಿಂದ ಕಾಳುಮೆಣಸು ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದೇ ಕರೆದರು. ಮಕ್ಕಳಿಗೆ ಈ ಕಥೆ ಗಾಡಿಯಲ್ಲೇ ಹೇಳಿ, ಕೋಟೆಯಲ್ಲಿ ಓಡಾಡುವಾಗ ಅವರ ಕಣ್ಣು ಬೇರೆಯೇ ಆಗುತ್ತದೆ. ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ದಾರಿ ಇದೆ, ಅಜ್ಜ ಅಜ್ಜಿಯೂ ಆರಾಮವಾಗಿ ನಡೆಯಬಹುದು. ಅಲ್ಲಿನ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು, ಅದು ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ. ಮುರುಡೇಶ್ವರದಲ್ಲಿ 123 ಅಡಿ ಶಿವ, 20 ಅಂತಸ್ತಿನ ಗೋಪುರ. ಗೋಪುರಕ್ಕೆ ಲಿಫ್ಟ್ ಇದೆ, ಮೇಲಿಂದ ನೋಡಿದರೆ ಗುಡಿಯ ಗುಡ್ಡವನ್ನು ಮೂರು ಕಡೆಯಿಂದ ಸಮುದ್ರ ಹೇಗೆ ಸುತ್ತಿಕೊಂಡಿದೆ ಎಂದು ಅರ್ಥವಾಗುತ್ತದೆ. (ಜಗತ್ತಿನಲ್ಲೇ ಎರಡನೇ ಎತ್ತರದ ಶಿವ ಅನ್ನುವುದು ಹಳೇ ಮಾತು. ರಾಜಸ್ಥಾನದ ನಾಥದ್ವಾರದಲ್ಲಿ 2022ರಲ್ಲಿ 369 ಅಡಿಯದ್ದು ಬಂದಿದೆ.) ಯಾಣಕ್ಕೆ ಅರ್ಧ ದಿನವೇ ಬೇಕು. ಇದರ ನಡುವೆ ತುರುಕಬೇಡಿ.

ನೋಡುವ ಜಾಗ ಇಷ್ಟೇ. ಈಗ ನೀರಿನ ವಿಷಯ.

ನಮ್ಮ ಕಡೆಯಿಂದ ಹೋಗುವ ಪ್ರತಿ ಗಾಡಿಯಲ್ಲೂ ಒಬ್ಬರು ಈ ಮಾತು ಹೇಳುವವರು ಇರುತ್ತಾರೆ: “ಅಲೆ ದೊಡ್ಡದು ಇರೋ ಕಡೆ ಬೇಡ, ಅಲೆ ಇಲ್ಲದ ಕಡೆ ನೋಡಿ ಇಳೀರಿ, ಏನೂ ಆಗಲ್ಲ.” ಮನೆಯ ಹಿರಿಯರು ಹೇಳುತ್ತಾರೆ, ಗಾಡಿ ಡ್ರೈವರ್ ಹೇಳುತ್ತಾರೆ, ಪ್ರವಾಸಕ್ಕೆ ಮಕ್ಕಳನ್ನು ಕರೆತಂದ ಮಾಸ್ತರರೂ ಹೇಳಿದ್ದನ್ನು ನಾನು ಕೇಳಿದ್ದೇನೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮಾತು ಪೂರ್ತಿ ತಪ್ಪು, ಜೀವ ತೆಗೆಯುವಷ್ಟು ತಪ್ಪು. ಮರಳಿನ ಬೀಚಿನಲ್ಲಿ ಎರಡೂ ಬದಿಗೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಷ್ಟು ಜಾಗ ಮಾತ್ರ ಶಾಂತವಾಗಿ ಕಂಡರೆ, ಹೆಚ್ಚಾಗಿ ಅದೇ ಎಲ್ಲಕ್ಕಿಂತ ಅಪಾಯದ ಜಾಗ.

ಕಾರಣ ಸರಳ. ಅಲೆಗಳು ಒಂದರ ಹಿಂದೊಂದು ನೀರನ್ನು ದಡಕ್ಕೆ ತಂದು ಸುರಿಯುತ್ತವೆ. ಬಂದ ನೀರು ವಾಪಸ್ ಹೋಗಲೇಬೇಕು. ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಮರಳಿನ ದಿಬ್ಬ ಇರುತ್ತದೆ, ಅದರಲ್ಲಿ ಎಲ್ಲೋ ಒಂದು ಕಡೆ ಸೀಳು ಬಿದ್ದಿರುತ್ತದೆ. ಮಾಳಿಗೆ ಮೇಲೆ ಬಿದ್ದ ಮಳೆ ನೀರು ಎಲ್ಲ ಕಡೆಯಿಂದ ಹರಿದು ಬಂದು ಒಂದೇ ಕೊಳವೆಯಲ್ಲಿ ರಭಸದಿಂದ ಹೊರಬೀಳುತ್ತದಲ್ಲ, ಹಾಗೆ ದಡದ ನೀರೆಲ್ಲ ಆ ಸೀಳಿನಲ್ಲಿ ನುಗ್ಗಿ ಸಮುದ್ರಕ್ಕೆ ಹೋಗುತ್ತದೆ. ಸೀಳಿರುವ ಕಡೆ ಆಳ ಜಾಸ್ತಿ. ಆಳ ಇರುವ ಕಡೆ ಅಲೆ ಒಡೆಯುವುದು ಕಡಿಮೆ. ಅದಕ್ಕೇ ದಡದಲ್ಲಿ ನಿಂತು ನೋಡುವವರಿಗೆ ಅಲ್ಲಿ ನೀರು ಕೆರೆಯ ಹಾಗೆ ಸುಮ್ಮನೆ ಬಿದ್ದಿದೆ ಅನ್ನಿಸುತ್ತದೆ. ನಿಜದಲ್ಲಿ ಅದು ಹೊರಗೆ ಓಡುತ್ತಿರುತ್ತದೆ. ಇದಕ್ಕೇ ಸೆಳೆತ (ರಿಪ್ ಕರೆಂಟ್) ಅನ್ನುವುದು.

ಇದನ್ನು ಕಣ್ಣಾರೆ ನೋಡಬಹುದು. ಗೋಕರ್ಣದ ಮುಖ್ಯ ಬೀಚಿನಲ್ಲಿ ಪಿತೃಕಾರ್ಯ ಮುಗಿಸಿದವರು ಹೂವು, ಬಾಳೆಲೆ ನೀರಿಗೆ ಬಿಡುತ್ತಾರೆ. ಒಂದು ಹತ್ತು ನಿಮಿಷ ನಿಂತು ಆ ಹೂವನ್ನೇ ನೋಡಿ. ಒಂದು ಕಡೆ ಬಿಟ್ಟ ಚೆಂಡುಹೂವು ಅಲೆಗೆ ಸಿಕ್ಕಿ ಮತ್ತೆ ಮತ್ತೆ ಕಾಲ ಬುಡಕ್ಕೇ ಬಂದು ಬೀಳುತ್ತದೆ, ನೊರೆಯ ಜೊತೆ ಮರಳಿಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಆಚೆ ಬಿಟ್ಟದ್ದು ದಡಕ್ಕೆ ಬರುವುದೇ ಇಲ್ಲ. ಮೊದಲು ದಡದ ಉದ್ದಕ್ಕೆ ಪಕ್ಕಕ್ಕೆ ಜಾರುತ್ತದೆ, ಆಮೇಲೆ ಗೆರೆ ಎಳೆದ ಹಾಗೆ ನೇರ ಒಳಗೆ ಹೋಗುತ್ತದೆ, ನೋಡುತ್ತಿದ್ದಂತೆ ಅಲೆ ಒಡೆಯುವ ಸಾಲು ದಾಟಿರುತ್ತದೆ. ಹೂವು ಹೋದ ದಾರಿಯಲ್ಲೇ ಮಗುವೂ ಹೋಗುತ್ತದೆ. ಅಲ್ಲಿ ನೀರಿನ ಬಣ್ಣವೂ ಬೇರೆ: ಆಳಕ್ಕೆ ಕಪ್ಪಾಗಿ ಕಾಣಬಹುದು, ಇಲ್ಲವೇ ಕಲಕಿದ ಮರಳಿಗೆ ಕಂದಾಗಿ. ನೊರೆ ಹೊರಗೆ ತೇಲಿಹೋಗುತ್ತಿರುತ್ತದೆ. ಓಂ ಬೀಚ್, ಕುಡ್ಲೆಯಂಥ ಕಡೆ ಬೀಚಿನ ಎರಡು ತುದಿಗೆ ಬಂಡೆಗಳಿವೆ, ಬಂಡೆಯ ಮಗ್ಗುಲಲ್ಲೂ ನೀರು ಹೀಗೆಯೇ ವಾಪಸ್ ಹರಿಯುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ ಎಂದು ನಮ್ಮವರು ಹೋಗಿ ನಿಲ್ಲುವುದು ಅಲ್ಲಿಯೇ. ಬಂಡೆ ಮೇಲೆ ಪಾಚಿ ಬೇರೆ.

“ನನಗೆ ಈಜು ಬರುತ್ತೆ” ಅನ್ನುವವರಿಗೂ ಒಂದು ಮಾತು. ಬಾವಿಯಲ್ಲಿ, ಮಲಪ್ರಭಾ ಕಾಲುವೆಯಲ್ಲಿ, ತುಂಗಭದ್ರೆಯಲ್ಲಿ ಈಜಿ ಬೆಳೆದ ನಮ್ಮ ಗದಗ, ಹಾವೇರಿ ಹುಡುಗರ ಧೈರ್ಯ ನನಗೆ ಗೊತ್ತು. ಆದರೆ ಈ ಸೆಳೆತ ಜೋರಾದಾಗ ಸೆಕೆಂಡಿಗೆ 2 ಮೀಟರ್ ವೇಗವನ್ನೂ ದಾಟಬಲ್ಲದು. ಒಲಿಂಪಿಕ್ ಈಜುಗಾರರ ವೇಗವೂ ಹೆಚ್ಚೂಕಡಿಮೆ ಅಷ್ಟೇ. ಅದರ ಎದುರು ದಡಕ್ಕೆ ನೇರ ಈಜಲು ಹೋದರೆ ಗಟ್ಟಿಮುಟ್ಟಾದ ಹುಡುಗನೂ ಸ್ವಲ್ಪ ಹೊತ್ತಿನಲ್ಲೇ ಸುಸ್ತಾಗುತ್ತಾನೆ. ಮುಳುಗಿಸುವುದು ಆ ಸುಸ್ತು. ಸೆಳೆತ ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೇ, ಅಲೆಯ ಸಾಲು ದಾಟಿದ ಮೇಲೆ ಅದರ ಶಕ್ತಿ ತಗ್ಗುತ್ತದೆ. ಇದು ಗೊತ್ತಿದ್ದವನು ಗಾಬರಿಯಾಗುವುದಿಲ್ಲ.

“ಮಳೆಗಾಲದಲ್ಲಿ ಮಾತ್ರ ಅಪಾಯ” ಅನ್ನುವವರೂ ಇದ್ದಾರೆ. ಮಳೆಗಾಲದಲ್ಲಂತೂ ಸಮುದ್ರಕ್ಕೆ ಕಾಲಿಡುವ ಮಾತೇ ಬೇಡ, ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನೇ ನಿಲ್ಲಿಸಿರುತ್ತಾರೆ. ಆದರೆ 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಏನಾಯಿತು ನೆನಪಿದೆಯೇ? ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಸಮುದ್ರಪಾಲಾದರು. ಡಿಸೆಂಬರ್ ಎಂದರೆ ಎಲ್ಲರೂ ಹೇಳುವ ಒಳ್ಳೆಯ ಸೀಸನ್. ಆ ಮಕ್ಕಳ ಸುದ್ದಿ ಓದಿದ ಮೇಲೂ ಅದೇ ಹಳೇ ಮಾತು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಮಕ್ಕಳನ್ನು ಎಲ್ಲಿ ಇಳಿಸಬೇಕು? ಲೈಫ್‌ಗಾರ್ಡ್ ಇರುವ ಬೀಚಿನಲ್ಲಿ, ಅವರ ಕಣ್ಣೆದುರು, ಅವರನ್ನು ಕೇಳಿ. “ಅಣ್ಣ, ಇವತ್ತು ಎಲ್ಲಿ ಇಳಿಯಬಹುದು?” ಅಂದರೆ ಸಾಕು, ಕೈ ತೋರಿಸಿ ಹೇಳುತ್ತಾರೆ. ಇವತ್ತು ಅನ್ನುವುದು ಮುಖ್ಯ, ಏಕೆಂದರೆ ಮರಳಿನ ದಿಬ್ಬ ಜರುಗುತ್ತಿರುತ್ತದೆ, ಉಬ್ಬರ ಇಳಿತದ ಹೊತ್ತೂ ದಿನಾ ಬದಲಾಗುತ್ತದೆ. ಹೋದ ವರ್ಷ ಆಡಿದ ಜಾಗ ಈ ವರ್ಷ ಹಾಗೇ ಇರುವುದಿಲ್ಲ. ಕೆಂಪು ಬಾವುಟ ಇದ್ದರೆ ಇಳಿಯಬಾರದು. ಅರ್ಧ ಕೆಂಪು ಅರ್ಧ ಹಳದಿ ಇರುವ ಎರಡು ಬಾವುಟಗಳ ನಡುವೆ ಲೈಫ್‌ಗಾರ್ಡ್ ನೋಡುತ್ತಿರುತ್ತಾರೆ. ಮೊಣಕಾಲಿನಷ್ಟು ನೀರು ಎಂದು ದೊಡ್ಡವರ ಅಳತೆಯಲ್ಲಿ ಲೆಕ್ಕ ಹಾಕಬೇಡಿ, ಅಲೆ ಬಂದಾಗ ಅದೇ ನೀರು ಮಗುವಿನ ಎದೆಗೆ ಬರುತ್ತದೆ. ಸಣ್ಣವರ ಕೈ ಹಿಡಿದೇ ಇರಿ. ಸೀರೆ, ಚೂಡಿದಾರದಲ್ಲಿ ಆಳಕ್ಕೆ ಹೋಗಬೇಡಿ, ಬಟ್ಟೆ ನೆನೆದರೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಸೆಳೆತಕ್ಕೆ ಸಿಕ್ಕವರು ದಡದ ಕಡೆ ಈಜಬಾರದು. ಅಂಗಾತ ಮಲಗಿ ತೇಲಬೇಕು, ಕೈ ಎತ್ತಿ ಕೂಗಬೇಕು. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು, ಆಮೇಲೆ ಅಲೆ ಒಡೆಯುವ ಕಡೆಯಿಂದ ವಾಪಸ್ ಬರಬೇಕು. ಹೌದು, ಅಲೆ ಒಡೆಯುವ ಕಡೆಯಿಂದಲೇ, ಅಲ್ಲಿ ನೀರು ದಡಕ್ಕೆ ದೂಡುತ್ತದೆ. ದಡದಲ್ಲಿ ನಿಂತವರು ದಯವಿಟ್ಟು ಹಿಂದೆ ಜಿಗಿಯಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋಗುವುದು ಹೀಗೆಯೇ. ಎಲ್ಲರ ಗಾಡಿಯಲ್ಲೂ ಕುಡಿಯುವ ನೀರಿನ ಕ್ಯಾನ್ ಇರುತ್ತದೆ. ನೀರು ಚೆಲ್ಲಿ, ಮುಚ್ಚಳ ಬಿಗಿ ಮಾಡಿ ಅವರ ಹತ್ತಿರ ಎಸೆಯಿರಿ. ಅದನ್ನು ಎದೆಗೆ ಅವಚಿಕೊಂಡರೆ ತೇಲಬಹುದು. ಲೈಫ್‌ಗಾರ್ಡನ್ನು ಕೂಗಿ, 112ಕ್ಕೆ ಫೋನ್ ಮಾಡಿ.

ನೀವು ಕೇಳಿಲ್ಲ, ಆದರೂ ಇನ್ನೊಂದು ಹೇಳಿಬಿಡುತ್ತೇನೆ. ಗೋಕರ್ಣದ ಹತ್ತಿರ ರಸ್ತೆ ಪಕ್ಕ ಸಣ್ಣ ಸಣ್ಣ ಗದ್ದೆಗಳು, ನಡುನಡುವೆ ಬಿಳಿ ಗುಡ್ಡೆಗಳು ಕಾಣುತ್ತವೆ. ಎಲ್ಲರೂ ನೋಡುತ್ತಾರೆ, ಗಾಡಿ ಯಾರೂ ನಿಲ್ಲಿಸುವುದಿಲ್ಲ. ಅದು ಸಾಣಿಕಟ್ಟಾದ ಉಪ್ಪಿನ ಆಗರ. ಉಬ್ಬರದ ಹೊತ್ತಿಗೆ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಉಪ್ಪುನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಪಾತಿಯಿಂದ ಪಾತಿಗೆ ಹಾಯಿಸುತ್ತಾ ಹೋದಂತೆ ಬಿಸಿಲಿಗೆ ನೀರು ಗಟ್ಟಿಯಾಗಿ ಕೊನೆಗೆ ಹರಳು ಕಟ್ಟುತ್ತದೆ, ಅದನ್ನು ಮರದ ಹಲಗೆಯಿಂದ ಎಳೆದು ಗುಡ್ಡೆ ಹಾಕುತ್ತಾರೆ. ಕೆಲಸ ನಡೆಯುವುದು ಮಳೆ ಬೀಳುವವರೆಗೆ. ಇದೇ ಕರಾವಳಿಯ ಅಂಕೋಲಾದಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಆಗ ಈ ಜಿಲ್ಲೆಯೂ ನಮ್ಮ ಧಾರವಾಡ ಜಿಲ್ಲೆಯೂ ಒಂದೇ ಮುಂಬೈ ಪ್ರಾಂತದಲ್ಲಿದ್ದವು, ಗದಗ, ಹಾವೇರಿ ಧಾರವಾಡದೊಳಗೇ ಇದ್ದವು. ಎರಡು ದಿನದ ಪ್ರವಾಸದಲ್ಲಿ ಹದಿನೈದು ನಿಮಿಷ ಇದಕ್ಕೆ ಕೊಟ್ಟರೆ ಮಕ್ಕಳು ಪಾಠದಲ್ಲಿ ಓದಿದ ಉಪ್ಪಿನ ಸತ್ಯಾಗ್ರಹ ಅವರ ಕೈಗೇ ಸಿಗುತ್ತದೆ. ನನ್ನನ್ನು ಕೇಳಿದರೆ ಮುರುಡೇಶ್ವರದ ಅಂಗಡಿ ಸಾಲಿನಲ್ಲಿ ಕಳೆಯುವ ಒಂದು ತಾಸಿಗಿಂತ ಇದು ಮೇಲು.

ಅಲ್ಲಿನ ದಪ್ಪ ಉಪ್ಪು ಸ್ವಲ್ಪ ಕಂದು ಬಣ್ಣ, ಉಪ್ಪಿನಕಾಯಿಗೆ ಬಹಳ ಚೆನ್ನಾಗಿರುತ್ತದೆ. ಒಯ್ಯುವವರು ಮೇ ಮುಗಿಯುವುದರೊಳಗೆ ಒಯ್ಯಿರಿ, ಮಳೆಗಾಳಿ ಶುರುವಾದರೆ ನೀರೊಡೆಯುತ್ತದೆ. ಬೇಸಿಗೆಯಲ್ಲೇ ಹೋಗುವವರಾದರೆ ಕುಮಟಾ ಹತ್ತಿರ ಅಳ್ವೇಕೋಡಿಯಲ್ಲಿ ಹೆದ್ದಾರಿ ಪಕ್ಕ ಸಿಹಿ ಉಳ್ಳಾಗಡ್ಡಿಯನ್ನು ಗೊಂಚಲು ಕಟ್ಟಿ ತೂಗು ಹಾಕಿರುತ್ತಾರೆ. ವಾಪಸ್ ಬರುವಾಗ ತೆಗೆದುಕೊಳ್ಳಿ, ಹೋಗುವಾಗ ತೆಗೆದುಕೊಂಡರೆ ಗಾಡಿಯ ಸೆಕೆಗೆ ಬಾಡುತ್ತದೆ.