ಕಳೆದುಕೊಂಡು ಗೆಲ್ಲುವ ತುಕ್ಕು ರೋಗ

ರೋಗನಿರೋಧಕ ತಳಿಯೊಂದು ಕೆಲವು ವರ್ಷ ಚೆನ್ನಾಗಿ ಬಂದು, ಆಮೇಲೆ ಒಮ್ಮೆಲೇ ತುಕ್ಕು ಹಿಡಿದರೆ ‘ಬೀಜದ ಕಸುವು ಇಳಿದಿದೆ’ ಎಂದುಬಿಡುತ್ತಾರೆ. ಪಾಪ, ಬೀಜದ ತಪ್ಪೇನೂ ಇಲ್ಲ. ಅದರ ನಿರೋಧಕ ಜೀನ್ ಇದ್ದಲ್ಲೇ ಇದೆ. ಬದಲಾದದ್ದು ತುಕ್ಕು ತರುವ ಶಿಲೀಂಧ್ರ, ಅದೂ ಎಷ್ಟೋ ಸಲ ತನ್ನದೇ ಒಂದು ಜೀನ್ ಕೆಡಿಸಿಕೊಂಡು.

ಇದರ ಸುಳಿವು ಹಿಡಿದವರು ಅಮೆರಿಕದ ಉತ್ತರ ಡಕೋಟದ ಹೆರಾಲ್ಡ್ ಫ್ಲೋರ್. ಅಗಸೆಯನ್ನಷ್ಟೇ ಅಲ್ಲ, ಅದರ ತುಕ್ಕು ಶಿಲೀಂಧ್ರವನ್ನೂ ಅವರು ಸಂಕರ ಮಾಡಿದರು. ಆಯ್ಕೆ ಜಾಣತನದ್ದು: ಗೋಧಿಯ ಕಾಂಡದ ತುಕ್ಕಿಗೆ ಲೈಂಗಿಕ ಹಂತಕ್ಕೆ ಬಾರ್ಬೆರಿಯಂಥ ಬೇರೆ ಗಿಡ ಬೇಕು, ಅಗಸೆಯ ತುಕ್ಕು ಅಗಸೆಯ ಮೇಲೇ ಇಡೀ ಜೀವನಚಕ್ರ ಮುಗಿಸುತ್ತದೆ. 1940ರ ದಶಕದಲ್ಲಿ ಬಂದ ಲೆಕ್ಕ ಸೊಗಸಾಗಿತ್ತು. ಒಂದೇ ನಿರೋಧಕ ಜೀನ್ ಎದುರಾದಾಗ, ಎರಡನೇ ಪೀಳಿಗೆಯ ಶಿಲೀಂಧ್ರಗಳಲ್ಲಿ ಗಿಡಕ್ಕೆ ಸೋತವು ಮತ್ತು ಗಿಡವನ್ನು ಗೆದ್ದವು ಸುಮಾರು 3:1. ಅಂದರೆ ಸೋಲುವುದೇ ಪ್ರಬಲ ಗುಣ!

ಯಾಕೆ? ಶಿಲೀಂಧ್ರ ಎಲೆಯ ಜೀವಕೋಶಕ್ಕೆ ಹೀರುಬೇರು ಇಳಿಸಿ, ಗಿಡದ ರಕ್ಷಣೆಯನ್ನು ಮಂಕಾಗಿಸುವ ಎಫೆಕ್ಟರ್ ಪ್ರೋಟೀನ್‌ಗಳನ್ನು ಒಳಬಿಡುತ್ತದೆ. ಗಿಡದ ನಿರೋಧಕ ಜೀನ್ ಕಟ್ಟುವ ಗ್ರಾಹಕ (ರಿಸೆಪ್ಟರ್) ಪ್ರೋಟೀನ್ ಅವುಗಳಲ್ಲೊಂದನ್ನು ಗುರುತಿಸುತ್ತದೆ. ಗೋಧಿಯ ಎಸ್‌ಆರ್35 ಗ್ರಾಹಕವನ್ನೇ ನೋಡಿ: ಎಫೆಕ್ಟರ್ ಅಂಟಿದೊಡನೆ ಐದು ಗ್ರಾಹಕಗಳು ಉಂಗುರದಂತೆ ಕೂಡಿಕೊಳ್ಳುತ್ತವೆ, ಕೋಶಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ, ಕೋಶ ಸಾಯುತ್ತದೆ. ಜೀವಂತ ಕೋಶದಲ್ಲೇ ಉಣ್ಣಬೇಕಾದ ತುಕ್ಕು ಅಲ್ಲೇ ಉಪವಾಸ ಬೀಳುತ್ತದೆ. ನಮಗೆ ಕಾಣುವುದು ಸೂಜಿಮೊನೆಯಷ್ಟು ಮಚ್ಚೆ, ಅದರಲ್ಲಿ ತುಕ್ಕಿನ ಬೀಜಕಗಳ ಪುಡಿ ಇರುವುದಿಲ್ಲ.

ತುಕ್ಕಿನ ಕೋಶದಲ್ಲಿ ಎರಡು ನ್ಯೂಕ್ಲಿಯಸ್‌ಗಳಿರುತ್ತವೆ. ಒಂದರಲ್ಲಿ ಆ ಎಫೆಕ್ಟರ್ ಉಳಿದಿದ್ದರೂ ಕಳ್ಳ ಸಿಕ್ಕಿಬಿದ್ದಂತೆ. ಎರಡರಲ್ಲೂ ಅದು ಅಳಿಯಬೇಕು, ಇಲ್ಲವೇ ಗುರುತು ಸಿಗದಷ್ಟು ಬದಲಾಗಬೇಕು. ಕಷ್ಟವೇ, ಆದರೆ ಕೋಟಿಗಟ್ಟಲೆ ಬೀಜಕಗಳು ಗಾಳಿಗೆ ಹಾರುವಲ್ಲಿ ಅಸಾಧ್ಯವಲ್ಲ. ರೈ ಧಾನ್ಯದಿಂದ ಗೋಧಿಗೆ ತಂದ ಎಸ್‌ಆರ್31 ಎಂಬ ನಿರೋಧಕ ಜೀನ್ ದಶಕಗಳ ಕಾಲ ಬೆಳೆ ಕಾಪಾಡಿ, 1998ರಲ್ಲಿ ಉಗಾಂಡದಲ್ಲಿ ಕಂಡ ಯುಜಿ99 ತುಕ್ಕಿಗೆ ಸೋತಿತು.

ಹಾಗೆಂದು ಶಿಲೀಂಧ್ರಕ್ಕೆ ಇದು ಪುಕ್ಕಟೆಯೇನಲ್ಲ. ಆಸ್ಟ್ರೇಲಿಯಾದ ಕಾಡು ಅಗಸೆಯಲ್ಲಿ, ಹೆಚ್ಚು ನಿರೋಧಕಗಳನ್ನು ದಾಟಬಲ್ಲ ತುಕ್ಕು ಕಡಿಮೆ ಬೀಜಕ ಮಾಡುತ್ತದೆ. ನಿರೋಧಕ ಗಿಡಗಳು ವಿರಳವಾದಲ್ಲಿ ಸಾದಾ ತುಕ್ಕೇ ಮೇಲುಗೈ. ಕಾಡಿನಲ್ಲಿ ಎರಡೂ ಬಗೆ ಉಳಿದಿರುವುದಕ್ಕೆ ಇದೊಂದು ಕಾರಣ. ಒಂದೇ ತಳಿಯ ಹೊಲದಲ್ಲಿ ಆ ಹಿಡಿತ ಇಲ್ಲ.

ಆದ್ದರಿಂದ ತಳಿವಿಜ್ಞಾನಿಗಳು ಮೂರು ನಾಲ್ಕು ಜೀನ್‌ಗಳನ್ನು ಒಂದೇ ತಳಿಯಲ್ಲಿ ಪೇರಿಸುತ್ತಾರೆ. ಎಡವುವುದು ಎಲ್ಲೆಂದರೆ, ಅವೇ ಜೀನ್‌ಗಳನ್ನು ಬಿಡಿಬಿಡಿಯಾಗಿ ಹೊತ್ತ ತಳಿಗಳು ಪಕ್ಕದಲ್ಲೇ ಇದ್ದರೆ ಶಿಲೀಂಧ್ರ ಒಂದೊಂದನ್ನೇ ದಾಟಿಕೊಂಡು ಮೇಲೇರುತ್ತದೆ.