ತಿಳಿನೀರು ಕಂಡರೆ ಹೆದರುವ ಊರು

ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುವ ಬಿಳಿ ಹರಳುಗಲ್ಲು ನಿಮಗೆ ಗೊತ್ತಿರಬೇಕು. ಪಟಿಕ. ನಮ್ಮಜ್ಜಿ ಮಳೆಗಾಲದಲ್ಲಿ ಕೆಂಪು ನೀರಿನ ಕೊಡದೊಳಗೆ ಅದನ್ನು ನಾಲ್ಕು ಸುತ್ತು ತಿರುಗಿಸಿ ತೆಗೆಯುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಕೆಸರೆಲ್ಲ ತಳಕ್ಕಿಳಿದು ಮೇಲೆ ಕನ್ನಡಿಯಂಥ ನೀರು ನಿಂತಿರುತ್ತಿತ್ತು. ಪಟಿಕದಲ್ಲಿರುವ ಅಲ್ಯೂಮಿನಿಯಂ, ನೀರಲ್ಲಿ ತೇಲುವ ಜೇಡಿಕಣಗಳನ್ನು ಒಂದಕ್ಕೊಂದು ಅಂಟಿಸಿ ಭಾರ ಮಾಡಿ ಮುಳುಗಿಸುತ್ತದೆ. ಅಷ್ಟೇ ವಿದ್ಯೆ.

ಇದನ್ನೇಕೆ ಹೇಳಿದೆನೆಂದರೆ, ಇಂಡೊನೇಷ್ಯಾಕ್ಕೆ ಹೋಗಿಬಂದ ಗೆಳೆಯರೊಬ್ಬರು ಹೊಲದ ನಡುವಿನ ಕಾಲುವೆಯೊಂದರ ಫೋಟೋ ತೋರಿಸಿ, "ನೋಡಿ, ಎಂಥ ತಿಳಿನೀರು! ನಮ್ಮಲ್ಲಿ ಇಂಥದ್ದು ಎಲ್ಲಿದೆ?" ಎಂದು ಹೊಟ್ಟೆಕಿಚ್ಚುಪಟ್ಟರು. ಫೋಟೋದಲ್ಲಿ ತಳದ ಎಲೆಯೂ ಕಾಣುತ್ತಿತ್ತು. ಮೀನು ಮಾತ್ರ ಒಂದೂ ಇರಲಿಲ್ಲ. ಆ ನೀರಿಗೆ ಯಾರೂ ಪಟಿಕ ಹಾಕಿರಲಿಲ್ಲ. ಮಣ್ಣೇ ಆಮ್ಲ ಕಕ್ಕಿ ತನ್ನೊಳಗಿನ ಅಲ್ಯೂಮಿನಿಯಮ್ಮನ್ನು ಕರಗಿಸಿ ಬಿಟ್ಟಿತ್ತು. ಹೊಲ ಸಾಯುತ್ತಿರುವಾಗಿನ ತಿಳಿ ಅದು. ಆ ಸೀಮೆಯಲ್ಲಿ ಕದಡಿದ ಕಂದುನೀರು ಹರಿದರೆ ಬೆಳೆ ಉಂಟು, ಕನ್ನಡಿಯಂತೆ ನಿಂತರೆ ಗಂಡಾಂತರ. ನೀರು ಶುದ್ಧವೋ ಅಲ್ಲವೋ ಎಂದು ಕಣ್ಣಲ್ಲೇ ತೀರ್ಮಾನ ಕೊಡುವ ನಮ್ಮೆಲ್ಲರನ್ನೂ ಆ ಊರಿನಲ್ಲಿ ಒಂದು ವಾರ ಇರಿಸಬೇಕು.

ಊರು ಅಂದರೆ ಬೋರ್ನಿಯೋ ದ್ವೀಪದ ದಕ್ಷಿಣ ತುದಿಯ, ಬಾರಿತೋ ನದಿಯ ತಗ್ಗುಸೀಮೆಯ ಊರುಗಳು. ಇಂಡೊನೇಷ್ಯಾದ ಪಾಲಿಗೆ ಬಂದ ಬೋರ್ನಿಯೋವನ್ನು ಕಲಿಮಂತಾನ್ ಎನ್ನುತ್ತಾರೆ. ಬಾರಿತೋ ನೂರಾರು ಕಿಲೋಮೀಟರು ಹರಿದು ಬಂಜಾರ್‌ಮಾಸಿನ್ ನಗರದ ಬಗಲಲ್ಲಿ ಹಾದು ಜಾವಾ ಸಮುದ್ರ ಸೇರುತ್ತದೆ. ಅದರ ಎರಡೂ ದಂಡೆಗೆ ಹಬ್ಬಿದ ಜಿಲ್ಲೆ ಬಾರಿತೋ ಕುವಾಲಾ. ಇಲ್ಲಿನ ಮೂಲದ ರೈತರು ಬಂಜಾರ್ ಜನ. ನಮ್ಮ ಲಂಬಾಣಿ ಬಂಜಾರರಿಗೂ ಇವರಿಗೂ ನಂಟಿಲ್ಲ, ಹೆಸರು ಹಾಗೆ ಕೇಳಿಸುತ್ತದೆ, ಅಷ್ಟೆ. ಊರಿನ ಆಕಾರ ವಿಚಿತ್ರ: ಕೇರಿಯಿಲ್ಲ, ಚೌಕವಿಲ್ಲ, ಕಾಲುವೆಯ ಉದ್ದಕ್ಕೂ ಒಂದೇ ಸಾಲು ಮನೆ. ಉಲಿನ್ ಎಂಬ ಕಬ್ಬಿಣದಂಥ ಮರದ ಕಂಬಗಳ ಮೇಲೆ ನಿಂತ ಮನೆಗಳು. ಮುಂದೆ ನೀರು, ದೋಣಿ. ಹಿಂದೆ ಗದ್ದೆ, ಅದರಾಚೆ ಜೌಗುಕಾಡು.

ಹೊರಗಿನಿಂದ ಬಂದ ಅಧಿಕಾರಿಗಳು ಈ ಊರುಗಳನ್ನು ಕಂಡು ಹಿಂದಿನಿಂದಲೂ ಆಡಿಕೊಂಡ ಮಾತು ಒಂದೇ: ನೇಗಿಲು ಹೂಡುವುದಿಲ್ಲ, ವರ್ಷಕ್ಕೆ ಒಂದೇ ಬೆಳೆ, ಅದಕ್ಕೂ ಒಂಬತ್ತು ಹತ್ತು ತಿಂಗಳು, ಇಳುವರಿ ಹೆಕ್ಟೇರಿಗೆ ಎರಡು ಮೂರು ಟನ್. ಸೋಮಾರಿಗಳು! ಈ ಸೋಮಾರಿತನವೇ ಮೊದಲ ದರ್ಜೆಯ ರಸಾಯನಶಾಸ್ತ್ರ ಎಂಬುದು ನನ್ನ ವಾದ. ಅದಕ್ಕೆ ಮಣ್ಣಿನ ಹೊಟ್ಟೆಯೊಳಗೆ ಇಳಿಯಬೇಕು.

ಕೆಲವು ಸಾವಿರ ವರ್ಷಗಳ ಹಿಂದೆ ಈ ಸೀಮೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರು. ಹಿಮಯುಗ ಮುಗಿದು ಏರಿದ ಸಮುದ್ರ ಒಂದು ಮಟ್ಟಕ್ಕೆ ನಿಂತಾಗ ಉಪ್ಪುನೀರು ದಿನವೂ ಬಂದು ಹೋಗುತ್ತಿತ್ತು. ಸಮುದ್ರದ ನೀರಿನಲ್ಲಿ ಅಡುಗೆ ಉಪ್ಪಷ್ಟೇ ಅಲ್ಲ, ಲೀಟರಿಗೆ ಎರಡೂವರೆ ಗ್ರಾಂ ದಾಟುವಷ್ಟು ಸಲ್ಫೇಟೂ ಇದೆ. ಕಾಂಡ್ಲಾ ಎಲೆ ಕೊಳೆಯುವ ಕೆಸರಿನಲ್ಲಿ ಗಾಳಿ ಇಲ್ಲ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಸಲ್ಫೇಟಿನ ಆಮ್ಲಜನಕವನ್ನೇ ಕಿತ್ತು ಉಸಿರಾಡಿ, ಉಳಿದ ಗಂಧಕವನ್ನು ಬಿಟ್ಟವು. ಕೊಳೆತ ಮೊಟ್ಟೆಯ ನಾತ ಇದರದ್ದೇ. ಗಂಧಕ ಕೆಸರಿನ ಕಬ್ಬಿಣದ ಜೊತೆ ಕೂಡಿ ಪೈರೈಟ್ ಎಂಬ ಖನಿಜವಾಯಿತು. ಆಮೇಲೆ ನದಿ ತಂದ ಹೂಳು ಅದರ ಮೇಲೆ ಹಾಸಿಕೊಂಡಿತು, ಸಮುದ್ರ ಹಿಂದೆ ಸರಿಯಿತು. ಪೈರೈಟ್ ಮಾತ್ರ ಬೂದುಬಣ್ಣದ ಮೆತ್ತನೆಯ ಜೇಡಿಯಲ್ಲಿ, ಎಷ್ಟೋ ಕಡೆ ಅರ್ಧ ಮೀಟರಿನಷ್ಟು ಆಳದಲ್ಲೇ, ಮಲಗಿಕೊಂಡಿದೆ.

ನೀರಿನಡಿ ಇರುವಷ್ಟು ದಿನ ಅದರಿಂದ ಯಾವ ತೊಂದರೆಯೂ ಇಲ್ಲ. ಉಪ್ಪಿನಕಾಯಿ ಜಾಡಿ ನೆನಪಿಸಿಕೊಳ್ಳಿ. ಮೇಲೆ ನಾಲ್ಕು ಬೆರಳು ಎಣ್ಣೆ ನಿಂತಿದ್ದರೆ ಮಾವಿನ ಹೋಳು ವರ್ಷಗಟ್ಟಲೆ ಕೆಡುವುದಿಲ್ಲ. ಎಣ್ಣೆ ಇಳಿದು ಹೋಳು ಗಾಳಿಗೆ ಮುಖ ತೋರಿತೋ, ಬೂಷ್ಟು. ಇಲ್ಲಿ ಪೈರೈಟ್ ಹೋಳು, ನಿಂತ ನೀರೇ ಎಣ್ಣೆ. ಅಥವಾ ಕುಂಭಕರ್ಣ ಎನ್ನಿ: ಮಲಗಿದ್ದರೆ ಲಂಕೆಗೆ ಭಾರವಿಲ್ಲ, ಎಬ್ಬಿಸಿದರೆ ಉಗ್ರಾಣ ಖಾಲಿ. ಅಥವಾ ಬೂದಿ ಮುಚ್ಚಿದ ಕೆಂಡ, ಊದಿದರೆ ಕೆಂಪಾಗುವಂಥದ್ದು. ಹೋಲಿಕೆ ಜಾಸ್ತಿಯಾಯಿತೇನೋ, ಆದರೆ ಕೆಂಡದ ಮಾತು ಬರೀ ಹೋಲಿಕೆಯಲ್ಲ. ಕೆಂಡ ಉರಿಯುವುದೂ ಪೈರೈಟ್ ಕೆಡುವುದೂ ಆಮ್ಲಜನಕದ ಜೊತೆಗಿನ ಒಂದೇ ಬಗೆಯ ಕ್ರಿಯೆ. ಗಾಳಿ ತಾಗಿದ ಪೈರೈಟಿನ ಕಬ್ಬಿಣ ತುಕ್ಕಾಗುತ್ತದೆ, ಗಂಧಕ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಹೌದು, ಬ್ಯಾಟರಿ ಆಸಿಡ್ಡೇ. ಈ ಕೆಲಸವನ್ನು ಚುರುಕಾಗಿ ಮುಗಿಸಿಕೊಡಲು ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಕಾದು ಕೂತಿರುತ್ತದೆ.

ಲೆಕ್ಕ ಹಾಕೋಣ. ಒಂದು ಕಿಲೋ ಪೈರೈಟ್ ಪೂರ್ತಿ ಕೆಟ್ಟರೆ ಸುಮಾರು 1.6 ಕಿಲೋ ಸಲ್ಫ್ಯೂರಿಕ್ ಆಮ್ಲ. ಗಾಳಿಯ ಆಮ್ಲಜನಕವೂ ನೀರೂ ಸೇರುವುದರಿಂದ ಹಾಕಿದ್ದಕ್ಕಿಂತ ಹೆಚ್ಚು ಹುಟ್ಟುತ್ತದೆ. ಒಂದು ಹೆಕ್ಟೇರಿನಲ್ಲಿ ಬರೀ 10 ಸೆಂಟಿಮೀಟರ್ ದಪ್ಪದ ಪದರ ತೆಗೆದುಕೊಳ್ಳಿ, ಅಂದಾಜು 1000 ಟನ್ ಮಣ್ಣು. ಅದರಲ್ಲಿ ನೂರಕ್ಕೆ ಎರಡು ಪಾಲು ಪೈರೈಟ್ ಎಂದಿಟ್ಟುಕೊಂಡರೆ 20 ಟನ್. ಹುಟ್ಟುವ ಆಮ್ಲ 32 ಟನ್‌ಗೂ ಹೆಚ್ಚು. ಸುಣ್ಣದ ಪುಡಿ ಹಾಕಿ ಸರಿಮಾಡುತ್ತೇನೆ ಎಂದರೆ ಅದೂ ಹೆಚ್ಚುಕಡಿಮೆ ಅಷ್ಟೇ ಟನ್ ಬೇಕು. ಯಾವ ಬಡರೈತ ದೋಣಿಯಲ್ಲಿ ಹೊತ್ತು ತಂದಾನು? ಮಣ್ಣಿನ ಪಿಎಚ್ ಮೂರೂವರೆಗಿಂತ ಕೆಳಗಿಳಿಯುತ್ತದೆ, ಹೆಚ್ಚುಕಡಿಮೆ ನಿಂಬೆರಸದ ಹತ್ತಿರಕ್ಕೆ. ಜೇಡಿಯ ಅಲ್ಯೂಮಿನಿಯಂ ಕರಗಿ ಬೇರು ಸುಡುತ್ತದೆ, ಕಾಲುವೆಯ ನೀರು ತಿಳಿಯಾಗುತ್ತದೆ. ಅಗೆದ ಮಣ್ಣಿನಲ್ಲಿ ಒಣಹುಲ್ಲಿನ ಬಣ್ಣದ ಹಳದಿ ಮಚ್ಚೆ ಕಂಡರೆ ಅದು ಜಾರೊಸೈಟ್, ಅನಾಹುತ ಆಗಿಹೋಗಿದೆ ಎಂಬ ಮೊಹರು. ಆಗುವ ಮುನ್ನವೇ ತಿಳಿಯಲು ಮಣ್ಣು ಪರೀಕ್ಷೆಯವರು ಬೂದುಜೇಡಿಯ ಮುದ್ದೆಗೆ ಹೈಡ್ರೋಜನ್ ಪೆರಾಕ್ಸೈಡ್ ನಾಲ್ಕು ಹನಿ ಬಿಡುತ್ತಾರೆ. ಪೈರೈಟ್ ಇದ್ದರೆ ಸುಂಯ್ಯೆಂದು ನೊರೆಯುಕ್ಕಿ ಮುದ್ದೆ ಬಿಸಿಯಾಗುತ್ತದೆ.

ಇದು ಬೋರ್ನಿಯೋಗಷ್ಟೇ ಅಂಟಿದ ಶಾಪವಲ್ಲ. ಹಾಲೆಂಡಿನವರು 1852ರ ಹೊತ್ತಿಗೆ ಹಾರ್ಲೆಮ್ ಸರೋವರವನ್ನು ಉಗಿಯಂತ್ರಗಳಿಂದ ಬತ್ತಿಸಿ ಹೊಲ ಮಾಡಿದಾಗ ಕೆಲವೆಡೆ ಏನೂ ಬೆಳೆಯಲಿಲ್ಲ. ಅಂಥ ಮಣ್ಣಿಗೆ ಅಲ್ಲಿನ ರೈತರು ಇಟ್ಟ ಹೆಸರು ಬೆಕ್ಕಿನ ಜೇಡಿ. ಕೇರಳದ ಕುಟ್ಟನಾಡಿನಲ್ಲಿ ಕರಿ ಮಣ್ಣು ಅನ್ನುವುದೂ ಇದೇ ಸಂತಾನ. ಕರಿಮಣ್ಣು ಎಂದೊಡನೆ ನಮ್ಮ ಎರೆಭೂಮಿ ನೆನೆದು ಫಲವತ್ತು ಎಂದುಬಿಡಬೇಡಿ, ಬಣ್ಣ ನೋಡಿ ಮಣ್ಣಿನ ಜಾತಕ ಬರೆಯುವ ಚಾಳಿಯೂ ತಿಳಿನೀರಿನ ಚಾಳಿಯ ತಮ್ಮನೇ. ತಮಾಷೆಯೆಂದರೆ, ತಮ್ಮ ಊರಲ್ಲಿ ಬೆಕ್ಕಿನ ಜೇಡಿಯ ರುಚಿ ಕಂಡ ಅದೇ ಡಚ್ಚರು ಬಂಜಾರ್‌ಮಾಸಿನ್ ಆಳುತ್ತಿದ್ದರು. ಅವರು ಬಾರಿತೋದಿಂದ ಪಕ್ಕದ ಕಪುವಾಸ್ ನದಿಗೆ ಸುಮಾರು 28 ಕಿಲೋಮೀಟರಿನ ಕಾಲುವೆ ಅಗೆಸಿದರು. 1890ರ ಹೊತ್ತಿಗೆ ಮುಗಿದ ಅದರ ಹೆಸರು ಅಂಜಿರ್ ಸೆರಪಾಟ್. ಅಂಜಿರ್ ಅಂದರೆ ಹಣ್ಣಲ್ಲ, ನದಿಯಿಂದ ನದಿಗೆ ಹೋಗುವ ಕಾಲುವೆ. ಉದ್ದೇಶ ದೋಣಿ ಸಾಗಾಟ, ವ್ಯವಸಾಯ ಯಾರ ತಲೆಯಲ್ಲೂ ಇರಲಿಲ್ಲ.

ತಲೆ ಓಡಿಸಿದವರು ಬಂಜಾರ್ ರೈತರು. ಅಂಜಿರ್‌ಗೆ ಅಡ್ಡಲಾಗಿ ತಾವೇ ಗುಂಪುಕಟ್ಟಿ ಸಣ್ಣ ಕಾಲುವೆಗಳನ್ನು ಒಳಕ್ಕೆ ತೋಡಿದರು. ಇವೇ ಹಂಡಿಲ್, ಎರಡು ಮೂರು ಕಿಲೋಮೀಟರು ಉದ್ದ, ದೋಣಿ ಹೋಗುವಷ್ಟು ಅಗಲ. ಹಂಡಿಲ್‌ನಿಂದ ಗದ್ದೆಗೆ ಹೋಗುವ ಬಚ್ಚಲಿನಂಥ ತೋಡು ಸಾಕಾ. ಎಂಜಿನು ಇಲ್ಲ, ಪಂಪು ಇಲ್ಲ. ನೀರೆತ್ತುವವನು ಚಂದ್ರ. ಸಮುದ್ರ ಉಬ್ಬಿದಾಗ ಬಾರಿತೋದ ನೀರಿಗೆ ಮುಂದೆ ಹೋಗಲು ದಾರಿಯಿಲ್ಲ, ಹಿಂದೆ ಸರಿಯುತ್ತದೆ. ಹಾಗೆ ಸರಿದ ಸಿಹಿನೀರು ಅಂಜಿರ್, ಹಂಡಿಲ್, ಸಾಕಾ ಹಾದು ಗದ್ದೆಗೆ ಏರುತ್ತದೆ. ಇಳಿತದಲ್ಲಿ ಗದ್ದೆಯ ಆಮ್ಲವನ್ನು ಕರಗಿಸಿಕೊಂಡು ವಾಪಸಾಗುತ್ತದೆ. ಬಟ್ಟೆ ಅದ್ದಿ, ಹಿಂಡಿ, ಮತ್ತೆ ಅದ್ದಿ ಹಿಂಡುವ ಹಾಗೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಅಲ್ಲಿ ಬಹುತೇಕ ಒಂದೇ. ಅದು ಜಾವಾ ಸಮುದ್ರದ ಆಕಾರದ ಕರಾಮತ್ತು, ಆ ಕಥೆ ಇನ್ನೊಮ್ಮೆ. ಉತ್ತರ ಕನ್ನಡದ ಅಘನಾಶಿನಿ ನದಿಮುಖದ ಗಜನಿ ಗದ್ದೆ, ಅಲ್ಲಿ ಉಪ್ಪು ತಾಳಿ ಬೆಳೆಯುವ ಕಗ್ಗ ಭತ್ತ ಕಂಡವರಿಗೆ ಉಬ್ಬರದ ಬೇಸಾಯ ಹೊಸದೇನಲ್ಲ. ನಮ್ಮಲ್ಲಿ ಒಡ್ಡು ಕಟ್ಟಿ ಉಬ್ಬರವನ್ನು ಹೊರಗಿಡುತ್ತಾರೆ, ಅಲ್ಲಿ ಕರೆದು ಕೂರಿಸುತ್ತಾರೆ.

ಈಗ ಆ ನೇಗಿಲಿಲ್ಲದ ಸೋಮಾರಿತನ. ಅವರ ಕೈಯಲ್ಲಿರುವುದು ತಾಜಾಕ್: ಉದ್ದ ಹಿಡಿಯ, ಅಗಲ ಬಾಗಿದ ಅಲಗಿನ ಕತ್ತಿ. ಮೊಣಕಾಲುದ್ದ ನೀರಿನಲ್ಲಿ ನಿಂತು ಬೀಸಿದರೆ ಕಳೆ ಬುಡಸಮೇತ ಕೊಯ್ದು ಬರುತ್ತದೆ, ಕೆಳಗಿನ ಮಣ್ಣು ಮಗುಚುವುದಿಲ್ಲ. ನೇಗಿಲು ಬೂದುಜೇಡಿಯನ್ನು ಮೇಲಕ್ಕೆ ತಂದು ಬಿಸಿಲಿಗೆ ತೋರಿಸುತ್ತದೆ. ತಾಜಾಕ್ ಜಾಡಿಯ ಎಣ್ಣೆಯನ್ನು ಕದಡದೆ ಮೇಲಿನ ಬೂಷ್ಟನ್ನಷ್ಟೇ ತೆಗೆದಂತೆ. ಕೊಯ್ದ ಕಳೆಯನ್ನು ಉಂಡೆ ಕಟ್ಟಿ ನೀರಿನಲ್ಲೇ ಕೊಳೆಹಾಕಿ, ಒಮ್ಮೆ ಮಗುಚಿ, ಕೊನೆಗೆ ಗದ್ದೆತುಂಬ ಹರಡುತ್ತಾರೆ. ಕೊಳೆಯುವ ಹುಲ್ಲು ನೀರಿನಲ್ಲಿದ್ದ ಚೂರುಪಾರು ಆಮ್ಲಜನಕವನ್ನೂ ತಿಂದುಹಾಕುತ್ತದೆ, ಪೈರೈಟಿಗೆ ಇನ್ನೊಂದು ಕಂಬಳಿ ಹೊದಿಸಿದಂತಾಯಿತು. ಗೊಬ್ಬರವಂತೂ ಸರಿಯೇ.

ಭತ್ತವನ್ನು ಒಂದಲ್ಲ, ಮೂರು ಸಲ ನೆಡುತ್ತಾರೆ. ಅಕ್ಟೋಬರ್-ನವೆಂಬರಿನಲ್ಲಿ ಎತ್ತರದ ಜಾಗದಲ್ಲಿ ಒಣಮಡಿ. ಅಲ್ಲಿಂದ ಕಿತ್ತು ಗದ್ದೆಯ ಒಂದು ಮೂಲೆಗೆ, ಆಮೇಲೆ ಬಿಡಿಸಿ ದೊಡ್ಡ ಮೂಲೆಗೆ, ಮಾರ್ಚ್-ಏಪ್ರಿಲಿನಲ್ಲಿ ಇಡೀ ಗದ್ದೆಗೆ. ಅಷ್ಟರಲ್ಲಿ ಸಸಿ ನೀರಿನ ಆಳಕ್ಕೆ ಮುಳುಗದಷ್ಟು ಎತ್ತರವಾಗಿರುತ್ತದೆ, ಅಲ್ಲಿ ಆ ತಿಂಗಳುಗಳೇ ಮಳೆಗಾಲ, ಅದರುದ್ದಕ್ಕೂ ಮಳೆ ಮತ್ತು ಉಬ್ಬರ ಸೇರಿ ಹೊಲ ತೊಳೆದಿರುತ್ತವೆ. ಬೆರಳು ಇಳಿಯದ ಕಡೆ ಮರದ ಗೂಟದಿಂದ ತೂತು ಮಾಡಿ ಸಸಿ ತುರುಕುತ್ತಾರೆ. ಹತ್ತು ತಿಂಗಳು ಹಿಡಿಯುವುದಕ್ಕೆ ಕಾರಣ ಇದು. ಸಿಯಾಂ, ಬಾಯಾರ್ ಮುಂತಾದ ಇಲ್ಲಿನ ತಳಿಗಳಿಗೆ ಇನ್ನೊಂದು ಗುಣವಿದೆ, ನನಗೆ ಇವತ್ತಿಗೂ ಮೈ ಜುಂ ಎನ್ನಿಸುವುದು ಅದೇ. ಯಾವಾಗ ನೆಟ್ಟರೂ ಅವು ಹಗಲು ಕುಗ್ಗುವುದನ್ನು ಕಾದು ತೆನೆ ಹಾಕುತ್ತವೆ. ಊರು ಇರುವುದು ಸಮಭಾಜಕದಿಂದ ಮೂರು ಡಿಗ್ರಿ ದಕ್ಷಿಣಕ್ಕೆ, ಹಾಗಾಗಿ ಅಲ್ಲಿ ಗಿಡ್ಡ ಹಗಲು ಬರುವುದು ಜೂನಿನಲ್ಲಿ. ಅಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ವ್ಯತ್ಯಾಸ ಇಪ್ಪತ್ತು ನಿಮಿಷದ ಆಸುಪಾಸು. ನಮಗೆ ಗಡಿಯಾರ ನೋಡದೆ ಗೊತ್ತಾಗದ ಆ ಇಪ್ಪತ್ತು ನಿಮಿಷ ಹುಲ್ಲಿನ ಜಾತಿಯ ಗಿಡಕ್ಕೆ ಗೊತ್ತು! ಜೂನ್ ಆಸುಪಾಸು ಹೂವು, ನೀರು ಇಳಿಯುವ ಜುಲೈ-ಆಗಸ್ಟಿನಲ್ಲಿ ಕೊಯ್ಲು. ಅಕ್ಕಿ ಉದುರುದುರು. ಬಂಜಾರ್ ಜನಕ್ಕೆ ಅಂಟುವ ಅನ್ನ ಆಗದು, ಅದಕ್ಕೇ ಪೇಟೆಯಲ್ಲಿ ಈ ಅಕ್ಕಿಗೆ ಬೆಲೆ.

ಎದುರು ದೃಷ್ಟಾಂತವನ್ನು ಸರ್ಕಾರವೇ ಒದಗಿಸಿತು. 1984ರಲ್ಲಿ ಇಂಡೊನೇಷ್ಯಾ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು, ಆಮೇಲೆ ಮತ್ತೆ ಆಮದಿಗೆ ಬಿತ್ತು. ಅಧ್ಯಕ್ಷ ಸುಹಾರ್ತೊ 1995ರ ಕೊನೆಯಲ್ಲಿ ಪಕ್ಕದ ಮಧ್ಯ ಕಲಿಮಂತಾನಿನ ಜೌಗಿನಲ್ಲಿ ಹತ್ತು ಲಕ್ಷ ಹೆಕ್ಟೇರ್ ಗದ್ದೆ ಮಾಡಲು ಆದೇಶ ಹೊರಡಿಸಿದರು. ನಾಲ್ಕು ಸಾವಿರ ಕಿಲೋಮೀಟರ್ ದಾಟಿ ಕಾಲುವೆ ಅಗೆದರು. ಹಂಡಿಲ್ ನದಿಯಿಂದ ಉಬ್ಬರ ಮುಟ್ಟುವಷ್ಟು ದೂರಕ್ಕೆ ಮಾತ್ರ ಹೋಗುತ್ತಿತ್ತು. ಈ ಕಾಲುವೆಗಳು ಅದರಾಚೆಗಿನ ಪೀಟ್ ಗುಡ್ಡೆಗಳನ್ನು, ಅಂದರೆ ಮೀಟರುಗಟ್ಟಲೆ ದಪ್ಪದ ಕೊಳೆತ ಮರದ ರಾಶಿಯನ್ನು, ಸೀಳಿಕೊಂಡು ಹೋದವು. ನೀರು ತರಬೇಕಾದ ಕಾಲುವೆ ನೀರನ್ನೆಲ್ಲ ಬಸಿದುಬಿಟ್ಟಿತು. ಪೀಟ್ ಒಣಗಿತು, ಎಷ್ಟೋ ಕಡೆ ಕೆಳಗಿನ ಪೈರೈಟ್ ಎದ್ದಿತು. 1997ರ ಎಲ್ ನಿನೊ ಬರದಲ್ಲಿ ನೆಲವೇ ಹೊತ್ತಿಕೊಂಡು ಉರಿದು ಹೊಗೆ ಸಿಂಗಾಪುರ, ಮಲೇಷ್ಯಾಗಳನ್ನೂ ಮುಚ್ಚಿತು. 1999ರ ಹೊತ್ತಿಗೆ ಯೋಜನೆಯನ್ನು ಕೈಬಿಟ್ಟರು. 2020ರಲ್ಲಿ ಹೊಸ ಹೆಸರಿನ ಆಹಾರ ಯೋಜನೆ ಮತ್ತೆ ಅದೇ ಸೀಮೆಗೆ ಬಂತು. ನನಗೇನೂ ಆಶ್ಚರ್ಯವಾಗಲಿಲ್ಲ.

ಬಂಜಾರ್ ರೈತ ಹಾಗಂತ ಹಳೆಯದಕ್ಕೇ ಜೋತುಬಿದ್ದವನಲ್ಲ. ಗದ್ದೆಯ ಮೇಲ್ಮಣ್ಣನ್ನು ಅಲ್ಲಲ್ಲಿ ಗುಪ್ಪೆ ಹಾಕಿ ಕಿತ್ತಳೆ ಸಸಿ ನೆಡುತ್ತಾನೆ. ವರ್ಷ ವರ್ಷ ಗುಪ್ಪೆ ಅಗಲಿಸಿ, ಕೊನೆಗೆ ಸಾಲು ಕೂಡಿಸಿ ಏರುಮಡಿ ಮಾಡುತ್ತಾನೆ. ಏರಿನಲ್ಲಿ ಕಿತ್ತಳೆ, ತಗ್ಗಿನಲ್ಲಿ ಭತ್ತ. ಜಾವಾದವರ ಪಟ್ಟೆಪಟ್ಟೆ ಅಂಗಿಯ ಹೆಸರಲ್ಲಿ ಇದನ್ನು ಸುರ್ಜಾನ್ ಎನ್ನುತ್ತಾರೆ. ಗುಪ್ಪೆ ನಿಧಾನಕ್ಕೆ ಏರುವುದರಲ್ಲೂ ಲೆಕ್ಕವಿದೆ: ಒಂದೇ ಸಲ ಆಳಕ್ಕೆ ಅಗೆದರೆ ಬೂದುಜೇಡಿ ಮೇಲೆ ಬರುತ್ತದೆ. ಇನ್ನು ಬೇಸಿಗೆ ಮುಟ್ಟುವ ಮುನ್ನ ಹಂಡಿಲ್‌ಗೆ ಗಲಾಮ್ ಮರದ ಗೂಟ ಹೊಡೆದು, ಮಣ್ಣು ತುಂಬಿ ಒಡ್ಡು ಕಟ್ಟುತ್ತಾರೆ, ಹೆಸರು ತಾಬಾತ್. ಒಳಗಿನ ನೀರು ಇಳಿದುಹೋಗಬಾರದು, ಜಾಡಿಯ ಎಣ್ಣೆ ತಗ್ಗಬಾರದು. ಮಳೆ ಹಿಡಿದ ಮೇಲೆ ಒಡ್ಡು ಒಡೆದು ಆಮ್ಲವನ್ನು ನದಿಗೆ ಬಿಡುತ್ತಾರೆ.

ಇಷ್ಟಾದರೂ ಕೆಟ್ಟ ಹೊಲ ಅಲ್ಲಲ್ಲಿ ಇದ್ದೇ ಇದೆ. ಅಲ್ಲಿ ಬೇರೆ ಹುಲ್ಲು ಬರದಿದ್ದರೂ ಪುರುನ್ ಬರುತ್ತದೆ, ಎಲೆಯೇ ಇಲ್ಲದ, ಒಳಗೆ ಟೊಳ್ಳಾದ ಹಸಿರು ಕಡ್ಡಿಗಳ ಜೊಂಡು. ಆಮ್ಲ ಅದಕ್ಕೆ ಲೆಕ್ಕಕ್ಕಿಲ್ಲ. ಹೆಂಗಸರು ಅದನ್ನು ಕೊಯ್ದು ಒಣಗಿಸಿ, ಕಟ್ಟುಕಟ್ಟಾಗಿ ಒನಕೆಯಲ್ಲಿ ಚಪ್ಪಟೆಯಾಗುವವರೆಗೆ ಕುಟ್ಟಿ, ಚಾಪೆ ಬುಟ್ಟಿ ಹೆಣೆಯುತ್ತಾರೆ. 2016ರಲ್ಲಿ ಬಂಜಾರ್‌ಮಾಸಿನ್ ನಗರ ದೊಡ್ಡ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲ ಕೊಡಕೂಡದೆಂದು ನಿಯಮ ಮಾಡಿದ ಮೇಲೆ ಆ ಬುಟ್ಟಿಗಳಿಗೆ ಪೇಟೆಯಲ್ಲಿ ಮತ್ತೆ ಜಾಗ ಸಿಕ್ಕಿದೆ. ತಿಳಿನೀರಿನ ಕಾಲುವೆಯ ಆ ಫೋಟೋದ ಅಂಚಿನಲ್ಲೂ ಪುರುನ್ ಇತ್ತು, ಸೊಂಟದೆತ್ತರ ಬೆಳೆದು ನಿಂತಿತ್ತು. ಗೆಳೆಯರು ಅದನ್ನು ಭತ್ತ ಅಂದುಕೊಂಡಿದ್ದರು.